ಉಪ್ಪು ಬಡಿಸುವ ಜಾಗ

ಈ ಕಥೆಯನ್ನು ನಾನು ಚೆನ್ನಾಗಿ ಹೇಳಲಾರೆ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಹಗುರ, ನನಗೂ ಹಗುರ. ಬರೆದು ಅಭ್ಯಾಸವಿಲ್ಲ. ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳುವುದು, ತಾನಾಗಿ ತಿಳಿಯುವುದನ್ನೂ ಬಿಡಿಸಿ ಬಿಡಿಸಿ ಹೇಳುವುದು ನನ್ನ ಚಾಳಿ. ಆದರೂ ಆ ಅಡುಗೆಯಾಕೆಯ ಸಂಗತಿಯನ್ನು ಯಾರಾದರೂ ಒಬ್ಬರು ಹೇಳಬೇಕಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಊರು. ಊರಿನ ಮುಂದೆ ಒಂದು ಹೊಳೆ. ಹೊಳೆಯ ಆಚೆ ದಡದಲ್ಲಿ ಉಪ್ಪಿನ ಗದ್ದೆಗಳು. ಗದ್ದೆ ಎಂದರೆ ಪೈರು ಬೆಳೆಯುವ ಗದ್ದೆಯಲ್ಲ. ನೆಲದಿಂದ ಉಕ್ಕುವ ಉಪ್ಪುನೀರನ್ನು ಮಣ್ಣಿನ ಬದುಗಳ ನಡುವೆ ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ನೀರು ಆರಿದ ಮೇಲೆ ಬಿಳಿಯ ಹರಳನ್ನು ಮರದ ಹಲಗೆಯಿಂದ ಎಳೆದು ಗುಡ್ಡೆ ಮಾಡುವ ಜಾಗ. ಆ ಗದ್ದೆಗಳು ಮೊದಲು ಊರಿನವೇ ಆಗಿದ್ದವು. ಆಮೇಲೆ ಒಂದು ಯುದ್ಧವಾಯಿತು, ಊರು ಸೋತಿತು. ಯುದ್ಧ ಯಾಕಾಯಿತು ಎಂದು ಹೇಳಹೊರಟರೆ ಕಥೆ ಇಲ್ಲಿಯೇ ನಿಂತುಹೋಗುತ್ತದೆ, ಏಕೆಂದರೆ ಆಚೆಯವರು ಹೇಳುವ ಕಾರಣ ಬೇರೆ, ಈಚೆಯವರು ಹೇಳುವ ಕಾರಣ ಬೇರೆ. ಗೆದ್ದವರು ಎರಡು ಷರತ್ತು ಹಾಕಿದರು. ಗದ್ದೆಗಳು ಇನ್ನು ನಮ್ಮವು, ಎಂದರು. ಅಂಗೈಗಿಂತ ಉದ್ದದ ಅಲಗನ್ನು ನೀವು ಮಾಡಕೂಡದು, ಎಂದರು. ಸೋತವರು ತಲೆ ತಗ್ಗಿಸಿ ಹೂಂ ಎಂದರು.

ಆ ಊರಿನಲ್ಲಿ ಸೂತಕ ಬಂದರೆ ಊಟಕ್ಕೆ ಉಪ್ಪಿಲ್ಲ. ಸೂತಕ ಕಳೆಯುವ ದಿನ ಮನೆಯ ಹಿರಿಯರು ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಬಡಿಸುತ್ತಾರೆ. ಅಲ್ಲಿಗೆ ದುಃಖ ಮುಗಿಯಿತು ಎಂದು ಅರ್ಥ. ದುಃಖ ಹಾಗೆ ಮುಗಿಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಮುಗಿಯಿತು ಎಂದುಕೊಂಡು ಮಾರನೆಯ ದಿನ ಕೆಲಸಕ್ಕೆ ಹೋಗಬಹುದು. ಯುದ್ಧದಲ್ಲಿ ಸತ್ತವರಿಗಾಗಿ ಊರಿಗೆ ಊರೇ ಉಪ್ಪು ಬಿಟ್ಟಿತ್ತು. ಉಪ್ಪು ಬಡಿಸುವ ದಿನ ಬಂದಾಗ ನೆನಪಿನ ಹಿರಿಯ ಎದ್ದು ನಿಂತ. ಊರಿನ ಹಳೆಯ ಸಂಗತಿಗಳನ್ನು ನೆನಪಿಟ್ಟು ಮಕ್ಕಳಿಗೆ ಹೇಳುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಅವನ ಇಬ್ಬರು ಮಕ್ಕಳೂ ಹೊಳೆಯ ಮೇಲಿನ ಆ ಕಾಳಗದಲ್ಲೇ ಹೋಗಿದ್ದರು.

"ಗದ್ದೆ ನಮ್ಮದಾಗುವ ತನಕ ಈ ಸೂತಕ ಕಳೆಯುವುದಿಲ್ಲ," ಎಂದ. "ಅಲ್ಲಿಯ ತನಕ ಉಪ್ಪು ಬಡಿಸುವ ಜಾಗ ಖಾಲಿ ಇರಲಿ."

ಎಲ್ಲರೂ ಅತ್ತರು, ಎಲ್ಲರೂ ಒಪ್ಪಿದರು. ಆ ಹೊತ್ತಿನಲ್ಲಿ ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಅಡುಗೆಯಾಕೆಯೂ ಒಪ್ಪಿದಳು. ಊರಿನ ಚಾವಡಿಯಲ್ಲಿ ಅಡುಗೆ ಮಾಡುವವಳು ಅವಳೇ. ಅವಳ ಗಂಡನೂ ಹೊಳೆಯಲ್ಲೇ ಹೋಗಿದ್ದ, ಸೊಂಟದ ಮೇಲೆ ಕೂಸಿತ್ತು.

ಹೀಗೆ ಅದು ಆ ಊರಿನ ನಿಯಮವಾಯಿತು. ಗೆದ್ದವರು ಒಂದು ದೋಣಿ ಉಪ್ಪು ಕಳಿಸಿದರು. ಊರಿನವರು ದೋಣಿಗೆ ಬೆನ್ನು ಹಾಕಿ ನಿಂತರು. ದೋಣಿ ಬಂದ ಹಾಗೆಯೇ ಹೋಯಿತು. ಉಪ್ಪಿಲ್ಲದೆ ಜನ ಬದುಕುವುದುಂಟೇ ಎಂದು ಕೇಳಬೇಡಿ, ಆ ಊರಿನಲ್ಲಿ ಬದುಕಿದರು. ಕಣ್ಣೀರೂ ಉಪ್ಪಲ್ಲವೇ ಎಂದು ಕೇಳಿದರೆ, ಅದು ಸರಿಯಾದ ಪ್ರಶ್ನೆ. ಅದಕ್ಕೇ ಆ ಊರಿನಲ್ಲಿ ಕಣ್ಣೀರು ತುಟಿಗೆ ಇಳಿಯಬಾರದು. ಕೆನ್ನೆಯ ಮೇಲಿರುವಾಗಲೇ ಒರೆಸಿಬಿಡಬೇಕು. ತಾಯಂದಿರು ಸೆರಗಿನ ತುದಿಯನ್ನು ಯಾವಾಗಲೂ ಕೈಯಲ್ಲಿ ಹಿಡಿದಿರುತ್ತಿದ್ದರು. ಮಗು ಅತ್ತಿತೋ, ಸಮಾಧಾನ ಆಮೇಲೆ, ಮೊದಲು ಕೆನ್ನೆ.

ಪ್ರತಿ ಹುಣ್ಣಿಮೆಯ ಮಧ್ಯಾಹ್ನ ಚಾವಡಿಯಲ್ಲಿ ಊರಿಗೆಲ್ಲ ಒಂದೇ ಊಟ. ಒಂದು ಪಂಕ್ತಿಯಲ್ಲಿ ಹಿರಿಯರು, ಎದುರು ಪಂಕ್ತಿಯಲ್ಲಿ ಕಿರಿಯರು. ಬೇರೆಲ್ಲ ಬಡಿಸುವ ಮೊದಲು ಅಡುಗೆಯಾಕೆ ಪ್ರತಿ ಎಲೆಯ ಮುಂದೆ ಬಗ್ಗಿ, ಮೂರು ಬೆರಳು ಕೂಡಿಸಿ, ತುದಿಯಲ್ಲಿ ಏನೂ ಇಲ್ಲದ್ದನ್ನು ಬಡಿಸುತ್ತಿದ್ದಳು. ಬಡಿಸಿ, "ಉಪ್ಪು" ಎನ್ನುತ್ತಿದ್ದಳು. ಪಂಕ್ತಿಗೆ ಪಂಕ್ತಿಯೇ "ಬರಲಿ" ಎನ್ನುತ್ತಿತ್ತು. ಆಮೇಲೆ ಎಲ್ಲರೂ ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಉಪ್ಪು. ಬರಲಿ. ಉಪ್ಪು. ಬರಲಿ. ಮಾತು ಕಲಿಯುವ ಮಕ್ಕಳು ಅಪ್ಪ, ಅಮ್ಮ ಎನ್ನುವ ಮೊದಲೇ ಬರಲಿ ಎನ್ನುತ್ತಿದ್ದವು.

ಅಡುಗೆಯಾಕೆಗೆ ಇನ್ನೊಂದು ಸಂಕಟವಿತ್ತು. ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವಳು ಹುಟ್ಟಿದ್ದು ಆಚೆ ದಡದಲ್ಲಿ. ಉಪ್ಪಿನ ಗದ್ದೆಯಲ್ಲಿ ದುಡಿಯುವವರ ಮಗಳು, ಲಗ್ನವಾಗಿ ಈಚೆಗೆ ಬಂದವಳು. ತಂಗಿ ಅಲ್ಲೇ ಉಳಿದಿದ್ದಳು. ಊರಿನವರಿಗೆ ಬೇಕಾಗಿದ್ದದ್ದು ಉಪ್ಪು. ಅವಳಿಗೆ ಬೇಕಾಗಿದ್ದದ್ದು ಬೆಳಗಿನ ಬಿಸಿಲಿನಲ್ಲಿ ಬರಿಗಾಲಿಗೆ ಚುಚ್ಚುವ ಹರಳು, ಹಲಗೆ ಎಳೆಯುವಾಗಿನ ಆ ಬರಬರ ಸದ್ದು, ಒಂದು ಹಲಗೆಯ ಎರಡು ತುದಿ ಹಿಡಿದು ಎದುರುಬದುರು ನಡೆಯುತ್ತಿದ್ದ ತಂಗಿ. ಪ್ರತಿ ಸಂಜೆ ಪಾತ್ರೆ ತೊಳೆಯುವ ನೆಪದಲ್ಲಿ ಹೊಳೆದಂಡೆಗೆ ಹೋಗಿ ಆಚೆ ನೋಡುತ್ತ ಕೂತಿರುತ್ತಿದ್ದಳು. ಆಚೆ ಏನೋ ಬೆಳ್ಳಗೆ ಕಾಣುತ್ತಿತ್ತು. ಉಪ್ಪಿನ ಗುಡ್ಡೆಯೋ, ಒಣಹಾಕಿದ ಸೀರೆಯೋ, ಬಕಪಕ್ಷಿಯೋ. ಯಾವುದಾದರೂ ಆಗಲಿ, ಅದು ಆಚೆಯದು.

ವರ್ಷಗಳು ಹೋದವು. ಉಪ್ಪು ಕಾಣದ ಮಕ್ಕಳು ನೆನಪಿನ ಹಿರಿಯನನ್ನು ಸುತ್ತುಗಟ್ಟಿ ಕೂರುತ್ತಿದ್ದರು.

"ಅಜ್ಜಾ, ಉಪ್ಪು ಹೇಗಿರುತ್ತೆ?"

ಮೊದಲ ವರ್ಷ ಅವನು, "ಉಪ್ಪು ಉಪ್ಪಿನ ಹಾಗೇ ಇರುತ್ತೆ ಕಣ್ರೋ," ಎಂದಿದ್ದ. ಆಮೇಲೊಂದು ವರ್ಷ, "ತಂಪು. ಹಾಲಿನ ಹಾಗೆ," ಎಂದ. ಕೊನೆಗೆ, "ಜೇನು ಅದರ ಮುಂದೆ ಸಪ್ಪೆ," ಎನ್ನತೊಡಗಿದ. ಅವನು ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಉಪ್ಪು ಎಂದರೆ ಅವನ ಕಣ್ಣಿಗೆ ಬರುತ್ತಿದ್ದದ್ದು ಇಬ್ಬರು ಮಕ್ಕಳು ಅಕ್ಕಪಕ್ಕ ಕೂತು ಉಣ್ಣುತ್ತಿದ್ದ ಚಿತ್ರ. ಅದು ಸಿಹಿಯಲ್ಲದೆ ಇನ್ನೇನಾದೀತು?

ಅಡುಗೆಯಾಕೆ ಒಮ್ಮೆ ತಡೆಯಲಾರದೆ, "ಹಿರಿಯರೇ, ಅದು ಸ್ವಲ್ಪ ಚುರುಗುಟ್ಟುತ್ತಿತ್ತಲ್ಲವಾ?" ಎಂದಳು.

"ನಿನ್ನ ನಾಲಿಗೆ ಒಲೆ ಮುಂದೆ ಸುಟ್ಟುಹೋಗಿದೆ ತಾಯಿ," ಎಂದ ಅವನು. ಮಕ್ಕಳು ಗೊಳ್ಳೆಂದು ನಕ್ಕರು. ಅವಳ ಮಗನೂ ನಕ್ಕ.

ಇನ್ನು ಸೌಟುಗಳ ವಿಷಯ. ಇದನ್ನು ಮೊದಲೇ ಹೇಳಬೇಕಾಗಿತ್ತೇನೋ. ಗದ್ದೆ ಮರಳಿ ಬಂದ ದಿನ ಊರಿಗೆಲ್ಲ ಹಬ್ಬದ ಅಡುಗೆಯಾಗಬೇಕು, ಅದಕ್ಕೆ ಸೌಟು ಬೇಕು ಎಂದು ಕಮ್ಮಾರನಿಗೆ ಹೇಳಿದ್ದರು. ಸೌಟು ಮಾಡಬಾರದು ಎಂದು ಯಾವ ಷರತ್ತೂ ಇರಲಿಲ್ಲ. ಕಮ್ಮಾರ ಮನೆಗೊಂದು ಸೌಟು ಮಾಡಿದ. ದೊಡ್ಡ ಹಂಡೆಗೆ ಉದ್ದದ ಹಿಡಿ ಬೇಕಲ್ಲ ಎಂದು ಮರುವರ್ಷ ಹಿಡಿಯನ್ನು ಉದ್ದ ಮಾಡಿದ. ಅದರ ಮರುವರ್ಷ ಇನ್ನೂ ಉದ್ದ. ಹಿಡಿ ಉದ್ದವಾದಂತೆಲ್ಲ ಬಟ್ಟಲು ಸಣ್ಣದಾಯಿತು, ಚಪ್ಪಟೆಯಾಯಿತು, ತುದಿಗೆ ಒಂದು ಮೂಗು ಬಂತು. ಆಚೆಯಿಂದ ತನಿಖೆಯವರು ಬಂದು ಅಂಗೈಯಿಂದ ಅಳೆದು ನೋಡಿದರು.

"ಏನಯ್ಯಾ ಇದು?"

"ಸೌಟು ಸ್ವಾಮಿ."

"ಇಷ್ಟುದ್ದ?"

"ನಾವು ಬಡವರು, ಆದರೆ ನಮ್ಮ ಹಸಿವು ದೊಡ್ಡದು."

ತನಿಖೆಯವರು ನಕ್ಕು, ಎಳನೀರು ಕುಡಿದು, ಹೊಳೆ ದಾಟಿ ಹೋದರು. ಅವರಿಗೂ ಅಳೆದು ಅಳೆದು ಸಾಕಾಗಿತ್ತು.

ಅಡುಗೆಯಾಕೆ ಒಂದು ಸೌಟನ್ನು ಚಾವಡಿಗೆ ತಂದು ಹಂಡೆಯಲ್ಲಿ ಅದ್ದಿ ಎತ್ತಿದಳು. ಸಾರೆಲ್ಲ ಹರಿದುಹೋಯಿತು. ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಕುಲುಮೆಗೆ ಹೋದಳು.

"ಏನೋ ಇದು? ಇದರಲ್ಲಿ ಒಂದು ಗುಟುಕು ಸಾರು ನಿಲ್ಲಲ್ಲ."

"ಸಾರು ನಿಲ್ಲದಿದ್ದರೆ ಪರವಾಗಿಲ್ಲ ಅಕ್ಕ, ಕೈಯಲ್ಲಿ ನಿಂತರೆ ಸಾಕು," ಎಂದ ಕಮ್ಮಾರ. "ಬಂದಿದ್ದು ಒಳ್ಳೇದಾಯ್ತು. ಚಾವಡಿಯಲ್ಲಿ ಹಂಡೆ ಇನ್ನೆಷ್ಟಿವೆ?"

"ಯಾಕೆ?"

"ಕಬ್ಬಿಣ ಮುಗಿದಿದೆ. ತಾಮ್ರವಾದರೂ ಆದೀತು."

"ಹಂಡೆ ಕರಗಿಸಿ ಸೌಟು ಮಾಡ್ತೀಯಾ? ಸೌಟು ಅದ್ದೋದು ಎಲ್ಲಿಗೆ, ನಿನ್ನ ತಲೆಗಾ?"

ಕಮ್ಮಾರ ತಿದಿ ಒತ್ತುತ್ತಲೇ ನಕ್ಕ. ಆದರೆ ಜನ ಬಂದು ಹಂಡೆಗಳನ್ನು ಒಯ್ದರು. ಕೊಪ್ಪರಿಗೆ ಹೋಯಿತು, ಮನೆಮನೆಯ ಚೆಂಬು, ತಟ್ಟೆ, ಕಾಲ್ಗಡಗ ಹೋದವು. ಕೊನೆಗೆ ಊರಿನಲ್ಲಿ ಗೋಡೆ ಗೋಡೆಗೂ ಸೌಟುಗಳು, ಬೇಯಿಸಲು ಮಾತ್ರ ಪಾತ್ರೆಯಿಲ್ಲ. ಅಡುಗೆಯಾಕೆ ಮಣ್ಣಿನ ಗುಡಾಣಗಳಲ್ಲಿ ಸಾರು ಕಾಯಿಸಿದಳು, ಮರದ ಸಟ್ಟುಗದಿಂದ ತಿರುವಿದಳು.

ಊರಿನ ಬಯಲಿನಲ್ಲಿ ಬೆಳಿಗ್ಗೆ ಹುಡುಗರೆಲ್ಲ ಸಾಲಾಗಿ ನಿಂತು ಸೌಟು ಹಿಡಿಯುವ ಅಭ್ಯಾಸ ಮಾಡುತ್ತಿದ್ದರು. ತಿರುವು! ಎತ್ತು! ಚುಚ್ಚು! ತಿರುವು! ಎತ್ತು! ಚುಚ್ಚು! ಅಡುಗೆಯಾಕೆಯ ಮಗ ಎಲ್ಲರಿಗಿಂತ ಮುಂದೆ. ಸೊಂಟದ ಮೇಲಿದ್ದ ಕೂಸು ಈಗ ಬಾಗಿಲಿಗೆ ತಲೆ ತಾಗುವ ಆಳಾಗಿದ್ದ.

"ಚುಚ್ಚಿ ಮಾಡುವ ಅಡುಗೆ ಯಾವುದಪ್ಪಾ? ನಾನು ಕಲಿತೇ ಇಲ್ಲವಲ್ಲ," ಎಂದಳು ಅವಳು.

"ಹಬ್ಬದ ಅಡುಗೆ ಅವ್ವಾ," ಎಂದ ಮಗ. ಅವನ ಮುಖದಲ್ಲಿ ಒಂದು ಹೊಳಪಿತ್ತು. ಅವನು ಕಾಣದ್ದರ ಮೇಲಿನ ಆಸೆ ಅದು. ಅವಳಿಗಿದ್ದದ್ದು ಕಂಡದ್ದರ ಮೇಲಿನ ಆಸೆ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ದಡವನ್ನು ನೋಡುತ್ತಿದ್ದರು, ಆದರೆ ಇಬ್ಬರಿಗೂ ಅಲ್ಲಿ ಕಾಣುತ್ತಿದ್ದದ್ದು ಬೇರೆ ಬೇರೆ.

ಹೊಳೆ ಇಳಿಯುವ ಕಾಲ ಬಂತು. ಬರುವ ಹುಣ್ಣಿಮೆಯ ಊಟ ಮುಗಿಸಿ, ಮಾರನೆಯ ಬೆಳಿಗ್ಗೆ ಹೊಳೆ ದಾಟುವುದು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಮೊದಲನೆಯ ದೋಣಿಯಲ್ಲಿ ಅಡುಗೆಯಾಕೆಯ ಮಗ. ಮೊದಲನೆಯ ದೋಣಿ ಎಂದರೇನು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಗಂಡ ಹೋದದ್ದೂ ಮೊದಲನೆಯ ದೋಣಿಯಲ್ಲಿ.

ಹುಣ್ಣಿಮೆಯ ಹಿಂದಿನ ಸಂಜೆ ಹೊಳೆದಂಡೆಯಲ್ಲಿ ಕೂತಿದ್ದಾಗ ದೋಣಿಯವನು ಬಂದ. ಎರಡೂ ದಡಕ್ಕೆ ಹೋಗಿಬರುವವನು ಅವನೊಬ್ಬನೇ. ಅವನು ಯಾವ ದಡದವನು ಎಂದು ಎರಡೂ ಕಡೆಯವರು ಅನುಮಾನಪಡುತ್ತಿದ್ದರು. ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿ ಅವಳ ಮಡಿಲಿಗೆ ಹಾಕಿದ.

"ನಿನ್ನ ತಂಗಿ ಕೊಟ್ಟಿದ್ದು ಅಕ್ಕಾ."

ಅವಳು ಬಿಚ್ಚದೆಯೇ ಬೆರಳಿನಿಂದ ಒತ್ತಿ ನೋಡಿದಳು. ಹರಳು ಕರಕರ ಎಂದಿತು.

"ಏನಂದಳು?"

"ಅಲ್ಲೂ ಹಲಗೆ ಎಳೆಯುವವರಿಲ್ಲವಂತೆ. ಗಂಡಸರು ಆ ಯುದ್ಧದಲ್ಲೇ ಹೋದರಲ್ಲ. ಅರ್ಧ ಗದ್ದೆ ಪಾಳು ಬಿದ್ದಿದೆ, ಉಪ್ಪು ಮಳೆಗೆ ಕರಗಿ ಹೋಗ್ತಾ ಇದೆ. ಅಕ್ಕನಿಗೆ ಹೇಳು, ಹಲಗೆಯ ಇನ್ನೊಂದು ತುದಿ ಹಿಡಿಯೋಕೆ ಜನ ಬೇಕು, ಯಾರು ಬಂದರೂ ಆದೀತು ಅಂದಳು."

"ಅಷ್ಟೇನಾ?"

"ಅಳ್ತಾ ಇದ್ದಳು. ಅಲ್ಲಿ ಒರೆಸಿಕೊಳ್ಳಲ್ಲ, ನೋಡು. ಸುಮ್ಮನೆ ಹರಿಯೋಕೆ ಬಿಡ್ತಾರೆ," ಎಂದು ದೋಣಿಯವನು ಹುಟ್ಟು ಎತ್ತಿಕೊಂಡ.

ಅವಳು ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಅಷ್ಟೂ ವರ್ಷ ಎದೆಯೊಳಗೆ ಮಡಿಸಿಟ್ಟಿದ್ದು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಆಗಲೇ ಅವಳಿಗೆ ಆ ಯೋಚನೆ ಬಂದದ್ದು. ಊರು ಹೊಳೆ ದಾಟುವುದು ಯಾಕೆ? ಉಪ್ಪಿಗಾಗಿ. ಉಪ್ಪು ತಾನಾಗಿ ಎಲೆಗೆ ಬಂದರೆ ಸೂತಕ ಕಳೆಯಿತು, ಆಸೆ ತೀರಿತು, ಮಗ ಮನೆಯಲ್ಲಿ ಉಳಿದ. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಅವಳಿಗೆ ನಗು ಬಂತು.

ಮಾರನೆಯ ಮಧ್ಯಾಹ್ನ ಗುಡಾಣಗಳ ಸಾರಿಗೆಲ್ಲ ಆ ಉಪ್ಪು ಬಿತ್ತು. ಎಂದಿನ ಹಾಗೆ ಖಾಲಿ ಬೆರಳಿನಿಂದ ಬಡಿಸಿದಳು. ಉಪ್ಪು. ಬರಲಿ. ಉಪ್ಪು. ಬರಲಿ. ಆಮೇಲೆ ಅನ್ನ, ಆಮೇಲೆ ಸಾರು. ಬಡಿಸಿ ಕಂಬಕ್ಕೆ ಒರಗಿ ನಿಂತಳು.

ಕಿರಿಯರ ಪಂಕ್ತಿಯಲ್ಲಿ ಒಬ್ಬ ಥೂ ಎಂದು ಉಗುಳಿದ. ಪಕ್ಕದವನು ಉಗುಳಿದ. ಆ ತುದಿಯಿಂದ ಈ ತುದಿಯ ತನಕ ಉಗುಳಿದರು. ಅವರಿಗೆ ಗೊತ್ತಿದ್ದ ಉಪ್ಪು ತಂಪು, ಅವರಿಗೆ ಗೊತ್ತಿದ್ದ ಉಪ್ಪು ಸಿಹಿ. ಇದು ನಾಲಿಗೆಯನ್ನು ಕಚ್ಚುತ್ತಿತ್ತು.

"ವಿಷ!" ಎಂದ ಒಬ್ಬ.

"ಆಚೆಯವರು ಹಾಕಿಸಿದ್ದಾರೆ! ನಿನ್ನೆ ದೋಣಿಯವನು ಬಂದಿದ್ದ, ನಾನೇ ನೋಡಿದೆ!"

ಎದುರು ಪಂಕ್ತಿಯಲ್ಲಿ ಹಿರಿಯರು ಅಲುಗಾಡದೆ ಕೂತಿದ್ದರು. ಬಾಯೊಳಗಿದ್ದ ತುತ್ತನ್ನು ಅವರು ಉಗುಳಲೂ ಇಲ್ಲ, ನುಂಗಲೂ ಇಲ್ಲ. ನೆನಪಿನ ಹಿರಿಯನ ಕೈ ಎಲೆಯ ಮೇಲೆಯೇ ನಿಂತಿತ್ತು. ಅವನ ಕಣ್ಣು ತುಂಬಿ, ಕೆನ್ನೆ ತುಂಬಿ, ಒರೆಸುವವರಿಲ್ಲದೆ ಕಣ್ಣೀರು ತುಟಿಗೆ ಇಳಿಯಿತು. ಅವನು ತಲೆ ಎತ್ತಿ ಅಡುಗೆಯಾಕೆಯನ್ನು ನೋಡಿದ. ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಒಂದು ಮಾತು, ಒಂದೇ ಒಂದು ಮಾತು, ಎಂದು ಅವಳ ಎದೆ ಹೊಡೆದುಕೊಂಡಿತು.

"ಆಚೆಯವರ ಕೈ ನಮ್ಮ ಗುಡಾಣದೊಳಗೆ ಬಂದಿದೆ," ಎಂದ ಅವನು. ಧ್ವನಿ ನಡುಗುತ್ತಿತ್ತು. ಹುಡುಗರು ಅದನ್ನು ಸಿಟ್ಟು ಎಂದುಕೊಂಡರು.

ಯಾಕೆ ಹಾಗೆ ಹೇಳಿದ? ಅವನು ಕೆಟ್ಟವನಲ್ಲ. ಉಪ್ಪು ಇಷ್ಟು ಸುಲಭಕ್ಕೆ, ಒಂದು ಬಟ್ಟೆಯ ಗಂಟಿನಲ್ಲಿ ಬರುವುದಾಗಿದ್ದರೆ, ಇಷ್ಟು ವರ್ಷ ಮಾಡಿದ ಸೂತಕ ಯಾತಕ್ಕೆ, ಸತ್ತ ಮಕ್ಕಳಿಬ್ಬರು ಯಾತಕ್ಕೆ ಎಂದು ಅವನಿಗೆ ಅನಿಸಿರಬೇಕು. ಇದು ನನ್ನ ಊಹೆ.

ಅಡುಗೆಯಾಕೆ ಪಂಕ್ತಿಗಳ ನಡುವೆ ಓಡಿ ಬಂದು ನಿಂತಳು. "ನಾನೇ ಹಾಕಿದ್ದು! ವಿಷ ಅಲ್ಲ ಕಣ್ರಪ್ಪಾ, ಇದೇ ಉಪ್ಪು!" ಎಂದು ಕೂಗಿದಳು. ಗದ್ದಲದಲ್ಲಿ ಕೊನೆಯ ಮಾತೊಂದೇ ಕೇಳಿಸಿತು. ಹುಟ್ಟಿದಾಗಿನಿಂದ ಆ ಚಾವಡಿಯಲ್ಲಿ ಅವಳ ಬಾಯಿಂದ ಆ ಮಾತು ಬಂದಾಗಲೆಲ್ಲ ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು. ನೂರು ಗಂಟಲು ಒಂದಾಗಿ, "ಬರಲಿ!" ಎಂದಿತು.

"ಬಂದಿದೆ! ಎಲೆ ಮೇಲೇ ಇದೆ! ಉಪ್ಪು!"

"ಬರಲಿ!"

"ಉಪ್ಪು!"

"ಬರಲಿ! ಬರಲಿ!" ಎಂದು ಸೌಟುಗಳನ್ನು ನೆಲಕ್ಕೆ ಕುಟ್ಟುತ್ತ ಅವರು ಎದ್ದರು, ಕೂಗುತ್ತ ಬಯಲಿಗೆ ಹೋದರು. ಅವಳು ಎಷ್ಟು ಜೋರಾಗಿ ನಿಜ ಹೇಳಿದಳೋ ಅಷ್ಟು ಜೋರಾಗಿ ಅವರು ಹೊರಟರು.

ಆಮೇಲೆ ಅವಳು ಎಲೆ ಎತ್ತಿದಳು. ಹಿರಿಯರ ಪಂಕ್ತಿಯ ಎಲೆಗಳಲ್ಲಿ ಒಂದು ಅಗುಳೂ ಇರಲಿಲ್ಲ, ಬೆರಳಿನಿಂದ ಬಳಿದು ಉಂಡಿದ್ದರು. ಯಾವಾಗ ಉಂಡರೋ, ಯಾರೂ ನೋಡಲಿಲ್ಲ. ಕಿರಿಯರ ಪಂಕ್ತಿಯಲ್ಲಿ ಎಲ್ಲ ಎಲೆಗಳೂ ಹಾಗೇ ಇದ್ದವು. ಒಂದೇ ಒಂದು ಎಲೆ ಮಾತ್ರ ನೆಕ್ಕಿದ ಹಾಗೆ ಸ್ವಚ್ಛವಾಗಿತ್ತು. ಅಲ್ಲಿ ಯಾರು ಕೂತಿದ್ದರೆಂದು ಆ ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ.

ಬೆಳಿಗ್ಗೆ ಹೊಳೆದಂಡೆಯಲ್ಲಿ ಮಗ ಅವಳ ಹತ್ತಿರ ಬಂದ. ಹೆಗಲ ಮೇಲೆ ಉದ್ದನೆಯ ಸೌಟು.

"ಅವ್ವಾ, ಅದು ಉಪ್ಪಾ?"

"ಹೌದು. ನಿನ್ನ ಚಿಕ್ಕಮ್ಮ ಕಳಿಸಿದ್ದು."

ಅವನು ಸೌಟನ್ನು ಇಳಿಸಿ ಮರಳಿಗೆ ಊರಿದ. "ಮೊದಲನೇ ತುತ್ತು ಉಗುಳಿದೆ. ಎಲ್ಲರೂ ಉಗುಳಿದರಲ್ಲ. ಆಮೇಲೆ ಕೈ ತಾನಾಗೇ ಎಲೆಗೆ ಹೋಯ್ತು. ಅವರೆಲ್ಲ ಎದ್ದು ಕೂಗ್ತಾ ಇದ್ದಾಗ ನಾನು ಬಗ್ಗಿ ಉಣ್ತಾ ಇದ್ದೆ. ರಾತ್ರಿ ಸಾಯ್ತೀನಿ ಅಂದ್ಕೊಂಡು ಮಲಗಿದೆ. ಬೆಳಗಾಯ್ತು."

"ಹಾಗಾದರೆ ಅವರಿಗೆ ಹೇಳೋ. ನೀನು ಹೇಳಿದರೆ ಕೇಳ್ತಾರೆ."

"ಏನಂತ ಹೇಳಲಿ? ವಿಷ ರುಚಿಯಾಗಿತ್ತು ಅಂತಲಾ? ದೋಣಿಯಲ್ಲಿ ಕಾಲಿಟ್ಟು ಕೂತಿದ್ದಾರೆ ಅವ್ವಾ. ನಾನು ಹತ್ತದಿದ್ದರೆ ನನ್ನ ಜಾಗಕ್ಕೆ ಇನ್ಯಾರದ್ದೋ ಮಗ ಹತ್ತುತ್ತಾನೆ."

ಅವಳು ಅವನ ಕೈ ಹಿಡಿದುಕೊಂಡಳು. "ಆಚೆ ನಿನ್ನ ಚಿಕ್ಕಮ್ಮ ಇದ್ದಾಳೆ."

"ನಾನು ಕಂಡವನಲ್ಲ. ಗುರುತು ಹೇಗೆ ಹಿಡಿಯಲಿ?"

"ನನ್ನ ಹಾಗೇ ಇರ್ತಾಳೆ," ಎಂದಳು ಅವಳು. "ನನ್ನ ನೋಡ್ಕೋ."

ದೋಣಿಯಿಂದ ಯಾರೋ ಅವನನ್ನು ಕೂಗಿದರು. ಅವಳು ಕೈ ಬಿಟ್ಟಳು.

ಯಾಕೆ ಬಿಟ್ಟಳು ಎಂದು ನೀವು ಕೇಳಿಯೇ ಕೇಳುತ್ತೀರಿ. ತಾಯಿಯಾದವಳು ಹಾಗೆ ಬಿಡುತ್ತಾಳೆಯೇ ಎನ್ನುತ್ತೀರಿ. ಇದನ್ನು ಬಿಡಿಸಿ ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಒಂದು ಮುಖ ಪೂರ್ತಿ ಕಾಣಬೇಕಾದರೆ ಸ್ವಲ್ಪ ಹಿಂದೆ ಸರಿದು ನೋಡಬೇಕು, ಹಿಂದೆ ಸರಿಯಬೇಕಾದರೆ ಕೈ ಬಿಡಬೇಕು. ಅವನು ಒಂದು ಹೆಜ್ಜೆ ಹಿಂದೆ ಸರಿದು ಅವಳನ್ನು ನೋಡಿದ. ಇನ್ನೊಂದು ಹೆಜ್ಜೆ ಸರಿದು ನೋಡಿದ. ಹಾಗೆ ಅವಳನ್ನು ನೋಡುತ್ತ ನೋಡುತ್ತಲೇ ಹಿಮ್ಮುಖವಾಗಿ ನೀರಿಗೆ ಇಳಿದು ದೋಣಿ ಹತ್ತಿದ. ಅವಳು ಅಳಲಿಲ್ಲ, ರೆಪ್ಪೆ ಕೂಡ ಹೊಡೆಯಲಿಲ್ಲ. ಏಕೆಂದರೆ ಅತ್ತರೆ ಮುಖ ಬೇರೆಯಾಗುತ್ತದೆ, ಬೇರೆಯಾದರೆ ಅವನಿಗೆ ಆಚೆ ಗುರುತು ಸಿಕ್ಕುವುದಿಲ್ಲ. ಗುರುತು ಸಿಕ್ಕದಿದ್ದರೆ ಕೈಯಲ್ಲಿರುವ ಆ ಸೌಟು, ಅಂದರೆ ಅವಳ ತಂಗಿ ಎದುರಿಗೆ ಬಂದಾಗ ಅವನು

ಬಂದೆ, ಬಂದೆ. ನನ್ನ ತಮ್ಮ ಸೈನ್ಯಕ್ಕೆ ಹೊರಟು ನಿಂತಿದ್ದಾನಂತೆ, ಬಸ್ಸು ತಿರುವಿನ ಹತ್ತಿರ ಬಂತಂತೆ, ಅವನ ಟ್ರಂಕಿನ ಇನ್ನೊಂದು ಹಿಡಿ ಹಿಡಿಯಲು ನನ್ನನ್ನು ಕೂಗುತ್ತಿದ್ದಾರೆ. ಒಂದೇ ನಿಮಿಷ. ಆ ಮಗ ಅವಳ ಮುಖದಲ್ಲಿ ಏನು ನೋಡಿಕೊಂಡ ಎಂದರೆ, ಮೊದಲು ಹುಬ್ಬು, ಆಮೇಲೆ